ಮೊದಲು ನೋಡಿದವರು ಕಂಡದ್ದೇನು?
ಮೊಸಾಯಿಕ್ ಬ್ರೌಸರ್ ಮತ್ತು ಅದರ ಮೊದಲ ಬಳಕೆದಾರರು

ಹೊಸ ವಸ್ತುವೊಂದು ಜಗತ್ತಿಗೆ ಬಂದಾಗ ಅದನ್ನು ಕಂಡುಹಿಡಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಅದನ್ನು ಮೊದಲು ಬಳಸಿದವರು ಎಲ್ಲಿ ಬೆರಗಾದರು, ಎಲ್ಲಿ ಗೊಣಗಿದರು ಎಂಬುದು ಸಾಮಾನ್ಯವಾಗಿ ಉಳಿಯುವುದಿಲ್ಲ. ಮೊದಲ ಸಲ ರೈಲು ಹತ್ತಿದ ಪ್ರಯಾಣಿಕ, ಮೊದಲ ಸಲ ದೂರವಾಣಿಯನ್ನು ಕಿವಿಗೆ ಹಿಡಿದ ಗುಮಾಸ್ತ, ಇವರ ಮಾತುಗಳಲ್ಲಿ ಬಹುಪಾಲು ಗಾಳಿಯಲ್ಲಿ ಹೋದವು. ವೆಬ್ ಬ್ರೌಸರ್ ಎಂಬ ತಂತ್ರಾಂಶದ ವಿಷಯ ಹಾಗಲ್ಲ. ಅದರ ಮೊದಲ ಬಳಕೆದಾರರು ತಮ್ಮ ಮೆಚ್ಚುಗೆ, ದೂರು, ಸಲಹೆಗಳನ್ನು ಅದೇ ಕಂಪ್ಯೂಟರ್ ಜಾಲದ ಮೂಲಕ ಬರೆದು ಕಳಿಸಿದರು. ಅವುಗಳಲ್ಲಿ ಎಷ್ಟೋ ಪತ್ರಗಳು ಇಂದಿಗೂ ಓದಲು ಸಿಗುತ್ತವೆ. ಆ ಪತ್ರಗಳ ಹಿಂದೆ ಒಂದು ಗಂಭೀರ ಪ್ರಶ್ನೆಯಿತ್ತು. ವೆಬ್ ಎಂಬುದು ಎಲ್ಲರೂ ಓದಿ ಎಲ್ಲರೂ ಬರೆಯುವ ಪುಸ್ತಕವಾಗಬೇಕೆ ಅಥವಾ ಕೆಲವರು ತೋರಿಸಿ ಉಳಿದವರು ನೋಡುವ ಪರದೆಯಾಗಬೇಕೆ?

ಈ ಕಥೆಯ ನಡುವೆ ಇರುವುದು 1993ರಲ್ಲಿ ಬಿಡುಗಡೆಯಾದ ಮೊಸಾಯಿಕ್ ಎಂಬ ಬ್ರೌಸರ್. ಇಂದಿನ ಓದುಗರಲ್ಲಿ ಹಲವರು ಈ ಹೆಸರನ್ನೇ ಕೇಳಿರಲಿಕ್ಕಿಲ್ಲ. ಆದರೆ ಇಂದು ನಾವು ಮೊಬೈಲ್ ಫೋನಿನಲ್ಲಿ ಪುಟವೊಂದನ್ನು ತೆರೆದಾಗ ಅಕ್ಷರಗಳ ನಡುವೆಯೇ ಚಿತ್ರ ಕಾಣಿಸುತ್ತದೆಯಲ್ಲ, ಆ ಪದ್ಧತಿಯನ್ನು ಜನರ ನಡುವೆ ತಂದು ನಿಲ್ಲಿಸಿದ್ದು ಇದೇ.

ಅಂಕಿ ಒತ್ತಿ ಓದುವ ಕಾಲ

ಮೊಸಾಯಿಕ್ ಬರುವ ಮೊದಲೇ ವೆಬ್ ಇತ್ತು. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಅದರ ಮೊದಲ ಪ್ರಸ್ತಾವವನ್ನು ಮೇಲಧಿಕಾರಿಗೆ ಕೊಟ್ಟರು. ಅಲ್ಲಿ ಸಾವಿರಾರು ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಗೆಯ ಕಂಪ್ಯೂಟರ್. ಯಾರ ಬಳಿ ಯಾವ ಮಾಹಿತಿ ಇದೆ ಎಂಬುದು ಅವರು ಊರಿಗೆ ಹೊರಟ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಕಾಗದದಿಂದ ಇನ್ನೊಂದಕ್ಕೆ ಕೊಂಡಿ ಹಾಕಿ, ಆ ಕಾಗದ ಯಾವ ದೇಶದ ಯಾವ ಯಂತ್ರದಲ್ಲಿದ್ದರೂ ತೆರೆಯುವಂತೆ ಮಾಡಿದರೆ ಈ ತೊಂದರೆ ತಪ್ಪುತ್ತದೆ ಎಂಬುದು ಅವರ ಯೋಚನೆ.

1990ರ ಕೊನೆಯ ಹೊತ್ತಿಗೆ ಅವರು ಮೊದಲ ಬ್ರೌಸರನ್ನು ಬರೆದು ಮುಗಿಸಿದ್ದರು. ಇದರಲ್ಲಿ ಒಂದು ವಿಶೇಷವಿತ್ತು. ಪುಟವನ್ನು ಓದುವುದಷ್ಟೇ ಅಲ್ಲ, ಅದೇ ಕಿಟಕಿಯಲ್ಲಿ ಪುಟವನ್ನು ತಿದ್ದಬಹುದಿತ್ತು, ಹೊಸ ಕೊಂಡಿ ಸೇರಿಸಬಹುದಿತ್ತು. ಓದುಗನೇ ಲೇಖಕನೂ ಆಗಬಹುದಿತ್ತು. ಆದರೆ ಅದು ಓಡುತ್ತಿದ್ದದ್ದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ. ಅಂಥ ಯಂತ್ರ ಇದ್ದವರು ಬಹಳ ಕಡಿಮೆ.

ಉಳಿದವರಿಗಾಗಿ ನಿಕೋಲಾ ಪೆಲೊ ಎಂಬ ವಿದ್ಯಾರ್ಥಿನಿ ಯಾವ ಯಂತ್ರದಲ್ಲಾದರೂ ಓಡುವ ಒಂದು ಸರಳ ಬ್ರೌಸರನ್ನು ಬರೆದರು. ಅದರಲ್ಲಿ ಮೌಸ್ ಇಲ್ಲ, ಚಿತ್ರ ಇಲ್ಲ. ಪರದೆಯ ಮೇಲೆ ಅಕ್ಷರಗಳು ಮಾತ್ರ ಸಾಲಾಗಿ ಬರುತ್ತಿದ್ದವು. ಕೊಂಡಿಯಿರುವ ಪದದ ಪಕ್ಕದಲ್ಲಿ ಕಂಸದೊಳಗೆ ಒಂದು ಅಂಕಿ ಇರುತ್ತಿತ್ತು. ಆ ಅಂಕಿಯನ್ನು ಟೈಪು ಮಾಡಿ ಕೀಲಿ ಒತ್ತಿದರೆ ಮುಂದಿನ ಪುಟ. ಬಹುಪಾಲು ಜನರು ವೆಬ್ಬನ್ನು ಮೊದಲು ನೋಡಿದ್ದು ಹೀಗೆ. ಅದನ್ನು ಕಂಡು ಇದರಲ್ಲಿ ಅಂಥದ್ದೇನಿದೆ ಎಂದುಕೊಂಡವರೇ ಹೆಚ್ಚು ಎಂದರೆ ಆಶ್ಚರ್ಯವೇನಿಲ್ಲ. ಏಕೆಂದರೆ ಅದೇ ಸಮಯದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು 1991ರಲ್ಲಿ ಹೊರತಂದ ಗೋಫರ್ ಎಂಬ ವ್ಯವಸ್ಥೆ ಇತ್ತು. ಹೋಟೆಲಿನ ತಿಂಡಿಪಟ್ಟಿಯಂತೆ ಒಂದರ ಕೆಳಗೊಂದು ಶೀರ್ಷಿಕೆಗಳು, ಬೇಕಾದುದನ್ನು ಆರಿಸಿದರೆ ಮಾಹಿತಿ. ಅಚ್ಚುಕಟ್ಟಾಗಿತ್ತು, ವೇಗವಾಗಿತ್ತು. ಆಗ ಗೆಲ್ಲುತ್ತಿದ್ದುದು ಗೋಫರೇ ಹೊರತು ವೆಬ್ ಅಲ್ಲ.

1992ರಲ್ಲಿ ಕಿಟಕಿ, ಮೌಸ್ ಉಳ್ಳ ಕೆಲವು ಬ್ರೌಸರುಗಳು ಬಂದವು. ಫಿನ್ಲೆಂಡಿನ ವಿದ್ಯಾರ್ಥಿಗಳು ಬರೆದ ಎರ್ವೈಸ್, ಕ್ಯಾಲಿಫೋರ್ನಿಯಾದ ಪೀ-ಯುವಾನ್ ವೇ ಬರೆದ ವಯೋಲಾ ಅವುಗಳಲ್ಲಿ ಮುಖ್ಯವಾದವು. ಗುಣದಲ್ಲಿ ಇವು ಕಡಿಮೆಯೇನಲ್ಲ. ಆದರೆ ಅವನ್ನು ಯಂತ್ರದಲ್ಲಿ ಕೂರಿಸಿ ಓಡಿಸುವುದೇ ಒಂದು ಸಾಹಸವಾಗಿತ್ತು. 1993ರ ಆರಂಭದಲ್ಲಿ ಇಡೀ ಜಗತ್ತಿನಲ್ಲಿ ವೆಬ್ ತಾಣಗಳಿದ್ದದ್ದು ಸುಮಾರು 50.

ಇಲಿನಾಯಿಯ ಇಬ್ಬರು

ಅಮೆರಿಕದ ಇಲಿನಾಯಿ ವಿಶ್ವವಿದ್ಯಾಲಯದಲ್ಲಿ ಸರ್ಕಾರದ ಹಣದಿಂದ ನಡೆಯುವ ಎನ್‌ಸಿಎಸ್‌ಎ ಎಂಬ ಸೂಪರ್ ಕಂಪ್ಯೂಟರ್ ಕೇಂದ್ರವಿದೆ. ಅಲ್ಲಿ ಮಾರ್ಕ್ ಆಂಡ್ರೀಸೆನ್ ಎಂಬ 21 ವರ್ಷದ ವಿದ್ಯಾರ್ಥಿ ಗಂಟೆಗೆ 6.85 ಡಾಲರ್ ಕೂಲಿಯ ಮೇಲೆ ಕೆಲಸ ಮಾಡುತ್ತಿದ್ದ. ವೆಬ್ಬನ್ನು ಕಂಡ ಆತನಿಗೆ ಹೊಳೆದ ವಿಚಾರ ಸರಳವಾದದ್ದು: ವಸ್ತು ಒಳ್ಳೆಯದಿದೆ, ಬಾಗಿಲು ಸರಿಯಿಲ್ಲ. ಅಲ್ಲಿಯೇ ನೌಕರಿಯಲ್ಲಿದ್ದ ಎರಿಕ್ ಬಿನಾ ಎಂಬ ನುರಿತ ತಂತ್ರಾಂಶಕಾರನನ್ನು ಒಪ್ಪಿಸಿ, ಇಬ್ಬರೂ ಹಗಲು ರಾತ್ರಿ ಕೂತು ಹೊಸ ಬ್ರೌಸರ್ ಬರೆದರು. 1993ರ ಜನವರಿ 23ರಂದು ಅದರ ಪ್ರಾಯೋಗಿಕ ಆವೃತ್ತಿ ಹೊರಬಂತು. ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿದ್ದ ಯುನಿಕ್ಸ್ ಯಂತ್ರಗಳಿಗೆ ಮಾತ್ರ ಅದು ಹೊಂದುತ್ತಿತ್ತು.

ಮೊದಲು ಇಳಿಸಿಕೊಂಡವರು ಮೆಚ್ಚಿದ್ದು ಯಾವುದನ್ನು? ಚಿತ್ರಗಳನ್ನಲ್ಲ, ಆಗ ಅವಿನ್ನೂ ಬಂದಿರಲಿಲ್ಲ. ಅವರು ಮೆಚ್ಚಿದ್ದು ಇದು ಒಂದೇ ಕಡತವಾಗಿ ಬರುತ್ತದೆ, ಇಳಿಸಿಕೊಂಡ ಕೂಡಲೇ ಓಡುತ್ತದೆ ಎಂಬುದನ್ನು. ಈ ಮಾತನ್ನು ಸಂತೋಷದಿಂದ ಹೇಳಿದವರಲ್ಲಿ ಸ್ವತಃ ಬರ್ನರ್ಸ್-ಲೀ ಇದ್ದರು. ಎರಡನೆಯದಾಗಿ ಜನ ಮೆಚ್ಚಿದ್ದು ದೂರು ಕೇಳುವ ರೀತಿಯನ್ನು. ಯಾರಾದರೂ ಇಲ್ಲಿ ತಪ್ಪಾಗುತ್ತಿದೆ ಎಂದು ವಿದ್ಯುನ್ಮಾನ ಅಂಚೆಯಲ್ಲಿ ಬರೆದರೆ ಆಂಡ್ರೀಸೆನ್ ಉತ್ತರಿಸುತ್ತಿದ್ದ, ಕೆಲವೊಮ್ಮೆ ಅದೇ ದಿನ. ತಿದ್ದಿದ ಆವೃತ್ತಿಗಳು ಬೆನ್ನುಬೆನ್ನಿಗೆ ಬರುತ್ತಿದ್ದವು. ಅಂಗಡಿಯವನು ಗಿರಾಕಿಯ ಮುಖ ನೋಡಿ ಪದಾರ್ಥ ತೂಗಿದಂತೆ ಬಳಕೆದಾರರ ಮಾತು ಕೇಳಿ ಕೇಳಿ ಬೆಳೆದ ತಂತ್ರಾಂಶ ಇದು. 1993ರ ಏಪ್ರಿಲ್‌ನಲ್ಲಿ 1.0 ಆವೃತ್ತಿ ಬಂತು.

ಚಿತ್ರ ಬೇಕೆ, ಬೇಡವೆ?

ಇದರ ನಡುವೆ ಒಂದು ವಾದ ಹುಟ್ಟಿಕೊಂಡಿತು. 1993ರ ಫೆಬ್ರವರಿ 25ರಂದು ಆಂಡ್ರೀಸೆನ್ ವೆಬ್ ತಜ್ಞರಿಗೆಲ್ಲ ಒಂದು ಪತ್ರ ಬರೆದು, ಪುಟದ ಒಳಗೇ ಚಿತ್ರ ಕೂರಿಸುವ ಒಂದು ಗುರುತನ್ನು ಸೂಚಿಸಿದ. ಅಲ್ಲಿಯವರೆಗೆ ಚಿತ್ರ ನೋಡಬೇಕೆಂದರೆ ಕೊಂಡಿ ಒತ್ತಬೇಕು, ಅದು ಬೇರೆ ಕಿಟಕಿಯಲ್ಲಿ ತೆರೆಯುತ್ತಿತ್ತು. ತಜ್ಞರಲ್ಲಿ ಹಲವರಿಗೆ ಈ ಸಲಹೆ ಅವಸರದ್ದು ಎನಿಸಿತು. ಚಿತ್ರವೊಂದೇ ಏಕೆ, ನಾಳೆ ಧ್ವನಿ ಬರುತ್ತದೆ, ಚಲನಚಿತ್ರ ಬರುತ್ತದೆ, ಎಲ್ಲವನ್ನೂ ಒಳಗೊಳ್ಳುವ ವ್ಯವಸ್ಥೆಯನ್ನು ನಿಧಾನವಾಗಿ ಯೋಚಿಸಿ ಮಾಡೋಣ ಎಂದು ಕೆಲವರು ಹೇಳಿದರು. ಅಂದಿನ ಜಾಲದ ಕಿರಿದಾದ ದಾರಿಯಲ್ಲಿ ಚಿತ್ರಗಳ ಭಾರ ಹೊರುವುದು ಕಷ್ಟ ಎಂಬ ಭಯವೂ ಇತ್ತು. ವಿದ್ವಾಂಸರ ಗಂಭೀರ ಬರವಣಿಗೆಗಾಗಿ ಹುಟ್ಟಿದ ಸಾಧನ ಜಾಹೀರಾತು ಪುಸ್ತಕವಾಗಿಬಿಡುತ್ತದೆಯೇ ಎಂಬ ಆತಂಕ ಇನ್ನೊಂದು.

ವಾದ ಮುಗಿಯುವವರೆಗೆ ಆಂಡ್ರೀಸೆನ್ ಕಾಯಲಿಲ್ಲ. ಚಿತ್ರ ಸೇರಿಸಿ ಬಿಡುಗಡೆ ಮಾಡಿಯೇಬಿಟ್ಟ. ಬಳಕೆದಾರರು ತಮ್ಮ ಪುಟಗಳಲ್ಲಿ ಚಿತ್ರ ಹಾಕತೊಡಗಿದರು. ಒಮ್ಮೆ ಹಾಕಿದ ಮೇಲೆ ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ. ತಜ್ಞರ ಸಭೆ ತೀರ್ಮಾನಿಸಬೇಕಾದುದನ್ನು ಸಾಮಾನ್ಯ ಬಳಕೆದಾರರ ಕಣ್ಣು ತೀರ್ಮಾನಿಸಿತು. ಅಂದು ಸೂಚಿಸಿದ ಆ ಗುರುತು ಇಂದಿಗೂ ವೆಬ್ ಪುಟಗಳಲ್ಲಿ ಬಳಕೆಯಲ್ಲಿದೆ.

ಇದೇ ವರ್ಷ ಇನ್ನೆರಡು ಘಟನೆಗಳು ಮೊಸಾಯಿಕ್‌ಗೆ ದಾರಿ ಮಾಡಿಕೊಟ್ಟವು. ವರ್ಷದ ಆರಂಭದಲ್ಲಿ ಮಿನೆಸೋಟ ವಿಶ್ವವಿದ್ಯಾಲಯವು ಗೋಫರ್ ಸರ್ವರ್ ತಂತ್ರಾಂಶದ ಕೆಲವು ಬಗೆಯ ಬಳಕೆಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ಜನ ಅಂಜಿದರು. ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ವೆಬ್ ತಂತ್ರಾಂಶದ ಮೇಲೆ ತನಗೆ ಯಾವ ಹಕ್ಕೂ ಬೇಡ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು ಎಂದು ಬರೆದುಕೊಟ್ಟಿತು. ಒಂದು ಬಾಗಿಲಿಗೆ ಸುಂಕದ ಕಟ್ಟೆ ಬಂದ ಹೊತ್ತಿನಲ್ಲಿ ಪಕ್ಕದ ಬಾಗಿಲು ಹಾರು ಹೊಡೆದಿತ್ತು. ಜನ ಯಾವ ಕಡೆ ನಡೆದರು ಎಂಬುದನ್ನು ಹೇಳಬೇಕಾಗಿಲ್ಲ.

ಕಾಫಿ ಪಾತ್ರೆಯಿಂದ ಧೂಮಕೇತುವಿನವರೆಗೆ

1993ರ ಕೊನೆಯ ತಿಂಗಳುಗಳಲ್ಲಿ ವಿಂಡೋಸ್ ಮತ್ತು ಮೆಕಿಂಟಾಷ್ ಕಂಪ್ಯೂಟರುಗಳಿಗೂ ಮೊಸಾಯಿಕ್ ಬಂತು. ಪ್ರಯೋಗಾಲಯದಲ್ಲಿದ್ದ ವಸ್ತು ಮನೆಗೆ ಬಂದಂತಾಯಿತು. ಡಿಸೆಂಬರ್ 8ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾಣಿಜ್ಯ ವಿಭಾಗದ ಮೊದಲ ಪುಟದಲ್ಲಿ ಜಾನ್ ಮಾರ್ಕಾಫ್ ಇದರ ಬಗ್ಗೆ ವಿವರವಾದ ಲೇಖನ ಬರೆದರು. ಎಂಐಟಿಯ ಮ್ಯಾಥ್ಯೂ ಗ್ರೇ ನಡೆಸಿದ ಎಣಿಕೆಯ ಪ್ರಕಾರ 1993ರ ಜೂನ್‌ನಲ್ಲಿ 130 ಇದ್ದ ವೆಬ್ ತಾಣಗಳು ಡಿಸೆಂಬರ್‌ಗೆ 623 ಆದವು. ಮತ್ತೊಂದು ವರ್ಷದಲ್ಲಿ ಆ ಸಂಖ್ಯೆ 10,000 ದಾಟಿತು.

ಆಗ ನೋಡಲು ಏನಿತ್ತು ಎಂದು ಇಂದಿನವರು ಕೇಳಬಹುದು. ಬೂದು ಬಣ್ಣದ ಹಿನ್ನೆಲೆ, ಕಪ್ಪು ಅಕ್ಷರ, ನೀಲಿ ಬಣ್ಣದ ಅಡಿಗೆರೆ ಎಳೆದ ಕೊಂಡಿಗಳು, ಮೇಲ್ತುದಿಯಲ್ಲಿ ಒಂದು ಭೂಗೋಲ. ಮಾಹಿತಿ ಬರುತ್ತಿದ್ದರೆ ಭೂಗೋಲ ತಿರುಗುತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ತಮ್ಮ ಕಾಫಿ ಪಾತ್ರೆ ಖಾಲಿಯಾಗಿದೆಯೇ ಎಂದು ಕೂತಲ್ಲಿಂದಲೇ ನೋಡಲು ಒಂದು ಕ್ಯಾಮೆರಾ ಇಟ್ಟುಕೊಂಡಿದ್ದರು. 1993ರ ನವೆಂಬರ್‌ನಲ್ಲಿ ಅದು ವೆಬ್‌ಗೆ ಬಂತು. ಬೇರೆ ಖಂಡಗಳಲ್ಲಿ ಕೂತ ಜನ ಆ ಕಾಫಿ ಪಾತ್ರೆಯನ್ನು ನೋಡಿ ಸಂತೋಷಪಟ್ಟರು! ತಮಾಷೆ ಎನಿಸಿದರೂ ಅದರಲ್ಲಿ ಅರ್ಥವಿತ್ತು. ಬಹಳ ದೂರದ ಒಂದು ಕೋಣೆಯಲ್ಲಿ ಈಗ ಏನಾಗುತ್ತಿದೆ ಎಂಬುದನ್ನು ಕೂತಲ್ಲೇ ನೋಡುವ ಅನುಭವ ಅವರಿಗೆ ಹೊಸದು. 1994ರ ಜುಲೈನಲ್ಲಿ ಶೂಮೇಕರ್-ಲೆವಿ ಧೂಮಕೇತುವಿನ ತುಣುಕುಗಳು ಗುರುಗ್ರಹಕ್ಕೆ ಅಪ್ಪಳಿಸಿದಾಗ, ವಿಜ್ಞಾನಿಗಳು ತೆಗೆದ ಚಿತ್ರಗಳನ್ನು ಸಾಮಾನ್ಯ ಜನ ಮರುದಿನದ ಪತ್ರಿಕೆಗೆ ಕಾಯದೆ ವೆಬ್ಬಿನಲ್ಲಿಯೇ ನೋಡಿದರು.

ಆದರೆ ಬೆರಗಿನ ಜೊತೆಗೆ ಬೇಸರವೂ ಇತ್ತು. ಮನೆಯಲ್ಲಿ ಸಂಪರ್ಕ ದೊರೆಯುತ್ತಿದ್ದದ್ದು ದೂರವಾಣಿ ತಂತಿಗೆ ಜೋಡಿಸಿದ ಮಾಡೆಮ್ ಮೂಲಕ. ಆಗ ಒಳ್ಳೆಯದೆನಿಸಿದ ಮಾಡೆಮ್‌ನ ವೇಗ ಸೆಕೆಂಡಿಗೆ 14.4 ಕಿಲೋಬಿಟ್. ಒಂದು 30 ಕಿಲೋಬೈಟ್ ಚಿತ್ರ ಇಳಿಯಲು ಅದರಲ್ಲಿ ಸುಮಾರು 17 ಸೆಕೆಂಡು ಬೇಕು. ಪುಟದಲ್ಲಿ ಇಂಥ ನಾಲ್ಕು ಚಿತ್ರಗಳಿದ್ದರೆ ಒಂದು ನಿಮಿಷಕ್ಕೂ ಹೆಚ್ಚು. ಮೊಸಾಯಿಕ್ ಚಿತ್ರಗಳೆಲ್ಲ ಬಂದು ಸೇರುವವರೆಗೆ ಪುಟವನ್ನೇ ತೋರಿಸುತ್ತಿರಲಿಲ್ಲ. ತಿರುಗುವ ಭೂಗೋಲವನ್ನು ನೋಡುತ್ತ ಕೂರಬೇಕು. ಹೀಗಾಗಿ ಚಿತ್ರಗಳಿಗಾಗಿಯೇ ಹೆಸರಾದ ಬ್ರೌಸರಿನಲ್ಲಿ ಚಿತ್ರ ಬೇಡ ಎಂದು ಆರಿಸಿಕೊಳ್ಳುವ ಸೌಲಭ್ಯವನ್ನೂ ಇಡಬೇಕಾಯಿತು. ತಜ್ಞರು ಎಚ್ಚರಿಸಿದ್ದು ಸುಳ್ಳಾಗಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಅಂದಿನ ವಿಂಡೋಸ್ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಭಾಷೆಯೇ ತಿಳಿದಿರಲಿಲ್ಲ. ಆ ಭಾಷೆಯನ್ನು ಕಲಿಸುವ ಟ್ರಂಪೆಟ್ ವಿನ್‌ಸಾಕ್ ಎಂಬ ತಂತ್ರಾಂಶವನ್ನು ಬರೆದವರು ಆಸ್ಟ್ರೇಲಿಯಾದ ಟಾಸ್ಮೇನಿಯಾದ ಪೀಟರ್ ಟ್ಯಾಟಮ್. ಬಳಸಿ ನೋಡಿ, ಇಷ್ಟವಾದರೆ ಹಣ ಕಳಿಸಿ ಎಂಬ ಷರತ್ತಿನ ಮೇಲೆ ಅವರು ಅದನ್ನು ಹಂಚಿದರು. ಅಪಾರ ಸಂಖ್ಯೆಯ ಜನ ಬಳಸಿದರು, ಹಣ ಕಳಿಸಿದವರು ಕಡಿಮೆ. ಎಷ್ಟೋ ವರ್ಷಗಳ ನಂತರ, 2011ರಲ್ಲಿ, ಈ ಸಂಗತಿ ಮತ್ತೆ ಚರ್ಚೆಗೆ ಬಂದಾಗ ಹಳೆಯ ಬಳಕೆದಾರರು ಕೆಲವರು ನಾಚಿಕೊಂಡು ಅವರಿಗೆ ಹಣ ಕಳಿಸಿದರು. ಹೊಸ ಲೋಕದ ಬಾಗಿಲಿನ ಚಿಲಕ ತೆಗೆದವನಿಗೆ ಸಂದ ಮರ್ಯಾದೆ ಇಷ್ಟು.

ಹೆಸರು ಯಾರದು?

ಮೊಸಾಯಿಕ್ ಹಬ್ಬಿದಂತೆ ಒಂದು ವಿಚಿತ್ರ ನಡೆಯಿತು. ಜನ ವೆಬ್ ಎಂಬ ಹೆಸರನ್ನೇ ಮರೆತರು. ನಾನು ಮೊಸಾಯಿಕ್‌ನಲ್ಲಿ ಓದಿದೆ, ನಮ್ಮ ಸಂಸ್ಥೆ ಮೊಸಾಯಿಕ್‌ನಲ್ಲಿದೆ ಎಂದು ಹೇಳತೊಡಗಿದರು. ವನಸ್ಪತಿ ತುಪ್ಪಕ್ಕೆಲ್ಲ ಡಾಲ್ಡಾ ಎಂದಂತೆ! ಇದು ಬರ್ನರ್ಸ್-ಲೀ ಅವರನ್ನು ನೋಯಿಸಿತು. ಅದನ್ನವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಿಟಕಿಯನ್ನೇ ಜನ ಹೊರಗಿನ ಊರು ಎಂದುಕೊಂಡಂತಾಗಿತ್ತು.

ಅವರ ನೋವಿಗೆ ಇನ್ನೂ ದೊಡ್ಡ ಕಾರಣವೊಂದಿತ್ತು. 1993ರಲ್ಲಿ ಅವರು ಇಲಿನಾಯಿಗೆ ಹೋಗಿ ಆಂಡ್ರೀಸೆನ್, ಬಿನಾ ಇವರನ್ನು ಕಂಡು, ನಿಮ್ಮ ಬ್ರೌಸರಿನಲ್ಲಿ ಪುಟವನ್ನು ಬರೆಯುವ, ತಿದ್ದುವ ಸೌಲಭ್ಯವನ್ನೂ ಸೇರಿಸಿ ಎಂದು ಕೇಳಿದ್ದರು. ಅದು ಆಗುವ ಕೆಲಸವಲ್ಲ ಎಂಬ ಉತ್ತರ ಬಂತು. ಬಳಕೆದಾರರಿಂದ ಇದಕ್ಕಾಗಿ ದೊಡ್ಡ ಕೂಗೇನೂ ಏಳಲಿಲ್ಲ. ಅವರಿಗೆ ಬೇಕಾಗಿದ್ದುದು ಇನ್ನಷ್ಟು ಚಿತ್ರ, ಇನ್ನಷ್ಟು ವೇಗ. ಹೀಗೆ ಮೊದಲ ಬ್ರೌಸರಿನಲ್ಲಿ ಒಟ್ಟಿಗೆ ಇದ್ದ ಓದು ಮತ್ತು ಬರಹ ಬೇರೆಬೇರೆಯಾದವು. ಬರೆಯುವುದು ಬಲ್ಲವರ ಕೆಲಸವಾಯಿತು, ಉಳಿದವರು ನೋಡುವವರಾದರು. ಓದುಗ ಮತ್ತೆ ಬರೆಯುವಂತಾದದ್ದು ವಿಕಿಪೀಡಿಯ, ಬ್ಲಾಗು, ಸಾಮಾಜಿಕ ಜಾಲತಾಣಗಳ ಕಾಲದಲ್ಲಿ. ಈ ಸಾಮಾಜಿಕ ಜಾಲತಾಣಗಳಲ್ಲಿ ಹೆಚ್ಚಿನವು ಖಾಸಗಿ ಕಂಪೆನಿಗಳ ಅಂಗಳಗಳು ಎಂಬುದನ್ನೂ ಮರೆಯುವಂತಿಲ್ಲ.

1994ರ ಏಪ್ರಿಲ್‌ನಲ್ಲಿ ಆಂಡ್ರೀಸೆನ್, ಉದ್ಯಮಿ ಜಿಮ್ ಕ್ಲಾರ್ಕ್ ಜೊತೆ ಸೇರಿ ಸ್ವಂತ ಕಂಪೆನಿ ಕಟ್ಟಿದ. ಮೊಸಾಯಿಕ್ ಬರೆದ ಗೆಳೆಯರಲ್ಲಿ ಬಹುಪಾಲು ಜನ ಅಲ್ಲಿಗೆ ಹೋದರು. ಹೊಸದಾಗಿ ಮೊದಲಿನಿಂದ ಬರೆದ ಅವರ ಬ್ರೌಸರ್ 1994ರ ಅಕ್ಟೋಬರ್ 13ರಂದು ಬಿಡುಗಡೆಯಾಯಿತು. ಆ ರಾತ್ರಿ ಕಂಪೆನಿಯ ಹುಡುಗರು, ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರಾದರೂ ಅದನ್ನು ಇಳಿಸಿಕೊಂಡ ಪ್ರತಿ ಸಲ ತಮ್ಮ ಕಂಪ್ಯೂಟರ್ ಒಂದು ಸದ್ದು ಮಾಡುವಂತೆ ಏರ್ಪಾಡು ಮಾಡಿ ಕೂತಿದ್ದರು. ಸದ್ದುಗಳು ನಿಲ್ಲಲೇ ಇಲ್ಲ. ಅವರು ಮೊಸಾಯಿಕ್ ಬಳಕೆದಾರರ ದೊಡ್ಡ ದೂರನ್ನು ಸರಿಯಾಗಿ ಕೇಳಿಸಿಕೊಂಡಿದ್ದರು. ಹೊಸ ಬ್ರೌಸರ್ ಮೊದಲು ಅಕ್ಷರಗಳನ್ನು ತೋರಿಸಿಬಿಡುತ್ತಿತ್ತು. ಚಿತ್ರಗಳು ಹಿಂದಿನಿಂದ ಬಂದು ಸೇರುತ್ತಿದ್ದವು. ಓದುತ್ತ ಕಾಯಬಹುದಿತ್ತು. ಇದೇ ನೆಟ್‌ಸ್ಕೇಪ್.

ಮೊಸಾಯಿಕ್ ಎಂಬ ಹೆಸರಿನ ಬಗ್ಗೆ ವಿಶ್ವವಿದ್ಯಾಲಯ ತಕರಾರು ಎತ್ತಿದ್ದರಿಂದ ಕಂಪೆನಿ ಹೆಸರು ಬದಲಿಸಿಕೊಂಡು, ಹಣ ಕೊಟ್ಟು ವ್ಯಾಜ್ಯ ಮುಗಿಸಿತು. 1995ರ ಆಗಸ್ಟ್ 9ರಂದು ಅದರ ಷೇರುಗಳು ಮಾರುಕಟ್ಟೆಗೆ ಬಂದಾಗ 28 ಡಾಲರಿನ ಷೇರು ದಿನದ ಕೊನೆಗೆ 58.25 ಡಾಲರಿನಲ್ಲಿ ನಿಂತಿತು. ಇತ್ತ ಮೈಕ್ರೋಸಾಫ್ಟ್ ಮೊಸಾಯಿಕ್ ತಂತ್ರಾಂಶದ ಹಕ್ಕನ್ನು ಸ್ಪೈಗ್ಲಾಸ್ ಎಂಬ ಕಂಪೆನಿಯಿಂದ ಪಡೆದು ಅದೇ ತಿಂಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೊರತಂದಿತು. ಸಾರ್ವಜನಿಕ ಹಣದಿಂದ ಹುಟ್ಟಿದ ಒಂದು ತಂತ್ರಾಂಶದಿಂದ ಎರಡು ದೊಡ್ಡ ವ್ಯಾಪಾರಗಳು ಕವಲೊಡೆದವು. ಮೂಲ ಮೊಸಾಯಿಕ್‌ನ ಕೆಲಸ 1997ರ ಜನವರಿಯಲ್ಲಿ ನಿಂತುಹೋಯಿತು.

ನಮ್ಮಲ್ಲಿ

ಈ ಸಡಗರದ ಸಮಯದಲ್ಲಿ ನಮ್ಮ ದೇಶದ ಸಾಮಾನ್ಯರಿಗೆ ಇಂಟರ್ನೆಟ್ ಇರಲಿಲ್ಲ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಕೆಲವು ವಿದ್ಯಾಸಂಸ್ಥೆಗಳಷ್ಟೇ ಇದ್ದವು. ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಸಂಪರ್ಕ ಕೊಡತೊಡಗಿದ್ದು 1995ರ ಆಗಸ್ಟ್ 15ರಂದು, ಮೊದಲು ಮಹಾನಗರಗಳಲ್ಲಿ, ಅನಂತರ ಬೆಂಗಳೂರು ಮುಂತಾದೆಡೆ. ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ಸಿಗುತ್ತಿದ್ದ ಸಂಪರ್ಕದಲ್ಲಿ ಅಕ್ಷರ ಮಾತ್ರ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಅಮೆರಿಕದವರು ನೆಟ್‌ಸ್ಕೇಪ್‌ನಲ್ಲಿ ಬಣ್ಣ ಬಣ್ಣದ ಪುಟ ನೋಡುತ್ತಿದ್ದಾಗ ನಮ್ಮ ಹುಡುಗರು ಲಿಂಕ್ಸ್ ಎಂಬ ಅಕ್ಷರದ ಬ್ರೌಸರಿನಲ್ಲಿ, ಚಿತ್ರವಿರಬೇಕಾದ ಜಾಗದಲ್ಲಿ ಬರಿಯ ಒಂದು ಗುರುತನ್ನು ನೋಡುತ್ತಿದ್ದರು.

ಕನ್ನಡದ ಮಟ್ಟಿಗೆ ಚಿತ್ರದ ಪ್ರಶ್ನೆಗೆ ಬೇರೆಯೇ ಅರ್ಥವಿತ್ತು. ಅಂದಿನ ಬ್ರೌಸರುಗಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಬಗೆಯ ಅಕ್ಷರಶೈಲಿ ಬಳಸುತ್ತಿದ್ದರು. ಅದೇ ಅಕ್ಷರಶೈಲಿ ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದಕ್ಕೆ ಕಂಡುಕೊಂಡ ಒಂದು ಉಪಾಯವೆಂದರೆ ಕನ್ನಡ ಬರಹವನ್ನೇ ಚಿತ್ರವನ್ನಾಗಿ ಮಾಡಿ ಪುಟದಲ್ಲಿ ಕೂರಿಸುವುದು. ತಜ್ಞರು ಭಾರ ಎಂದು ಬೇಡವೆಂದಿದ್ದ ಆ ಚಿತ್ರದ ಗುರುತೇ ದೂರದೇಶದ ಕನ್ನಡಿಗನಿಗೆ ತನ್ನ ಲಿಪಿಯನ್ನು ಪರದೆಯ ಮೇಲೆ ತೋರಿಸಿತು. ಆದರೆ ಅದು ಗೋಡೆಗೆ ತೂಗುಹಾಕಿದ ಕನ್ನಡ. ಓದಬಹುದು; ಹುಡುಕಲು ಬಾರದು, ಎತ್ತಿ ಬರೆಯಲು ಬಾರದು, ತಿದ್ದಲು ಬಾರದು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಆದರೂ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕೈಗೆಟುಕಲು 2001ರ ವಿಂಡೋಸ್ ಎಕ್ಸ್‌ಪಿ ಬರಬೇಕಾಯಿತು. ಆಮೇಲೆಯೇ ಕನ್ನಡ ವಿಕಿಪೀಡಿಯದಂಥ ಕೆಲಸಗಳು ಬೆಳೆಯಲು ಸಾಧ್ಯವಾದದ್ದು.

ಮೊಸಾಯಿಕ್‌ನ ಮೊದಲ ಬಳಕೆದಾರರನ್ನು ಇಂದು ಹಿಂತಿರುಗಿ ನೋಡಿದರೆ ಅವರ ಅಭಿಪ್ರಾಯದಲ್ಲಿ ಎರಡು ಮುಖಗಳು ಕಾಣುತ್ತವೆ. ಸುಲಭವಾದುದೇ ಗೆಲ್ಲುತ್ತದೆ ಎಂಬುದನ್ನು ಅವರು ತಜ್ಞರಿಗಿಂತ ಮೊದಲೇ ಅರಿತರು. ಕಾಯಿಸುವ ತಂತ್ರಾಂಶವನ್ನು ಅವರು ಸಹಿಸಲಿಲ್ಲ, ಅದರಿಂದಾಗಿ ತಂತ್ರಾಂಶ ಸುಧಾರಿಸಿತು. ಆದರೆ ತಮ್ಮ ಕೈಯಿಂದ ಲೇಖನಿ ಜಾರಿದ್ದನ್ನು ಮಾತ್ರ ಅವರಲ್ಲಿ ಹೆಚ್ಚಿನವರು ಗಮನಿಸಲೇ ಇಲ್ಲ. ಕಣ್ಣಮುಂದೆ ಚಿತ್ರವಿದ್ದಾಗ ಅದು ಸಹಜವೂ ಹೌದು. ಹೊಸ ಸಾಧನವೊಂದು ಮನೆಗೆ ಬಂದಾಗ ಅದು ಏನನ್ನು ತೋರಿಸುತ್ತದೆ ಎಂದು ನಾವು ಕೇಳುತ್ತೇವೆ. ಏನನ್ನು ಮಾಡಲು ಬಿಡುತ್ತದೆ, ಏನನ್ನು ಬಿಡುವುದಿಲ್ಲ ಎಂದು ಕೇಳುವುದು ಬಹಳ ತಡವಾಗಿ.